ನಡುವೆ ಬಿಟ್ಟ ಬಿಳಿ

ಅವಳನ್ನು ಮನೆಯಲ್ಲೂ ಕಾಲೇಜಿನಲ್ಲೂ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಮೊದಲೇ ಸಣಕಲು ಮೈ, ಅದರ ಮೇಲೆ ಯಾವಾಗ ನೋಡಿದರೂ ಕೈಯಲ್ಲೊಂದು ಸೀಸದ ಕಡ್ಡಿ. ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದ್ದು ಹೋಗುವವಳು. ಇಂಥವರಿಗೆ ಗೆಳತಿಯರು ಕಡಿಮೆ, ಶತ್ರುಗಳೂ ಕಡಿಮೆ. ಅವಳಿಗಿದ್ದದ್ದು ಒಬ್ಬ ತಾಯಿ. ಅಪ್ಪ ಅವಳಿಗೆ ಆರು ವರ್ಷ ಇದ್ದಾಗಲೇ ತೀರಿಹೋಗಿದ್ದ.

ತಾಯಿಯ ಕಸುಬು ರಫು. ಬೆಲೆಬಾಳುವ ಬಟ್ಟೆಗೆ ಕಿಡಿ ತಾಗಿಯೋ, ಮೊಳೆ ಸಿಕ್ಕಿಯೋ, ಹುಳು ತಿಂದೋ ತೂತು ಬಿದ್ದರೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆಗಳನ್ನು ಕಿತ್ತು, ತೂತಿನ ಮೇಲೆ ಒಂದೊಂದಾಗಿ ಉದ್ದಕ್ಕೆ ಹಾಸಿ, ಮತ್ತೆ ಒಂದೊಂದಾಗಿ ಅಡ್ಡಕ್ಕೆ ಹಾಯಿಸಿ, ಆ ಜಾಗದಲ್ಲಿ ಬಟ್ಟೆಯನ್ನೇ ಹೊಸದಾಗಿ ನೇಯುವುದು. ತೇಪೆ ಹಾಕುವುದು ಬೇರೆ, ಇದು ಬೇರೆ. ತೇಪೆಯನ್ನು ಊರೆಲ್ಲ ನೋಡಬಹುದು. ರಫು ಮಾಡಿದ್ದು ಕಾಣಿಸಿದರೆ ರಫು ಕೆಟ್ಟಿತು ಎಂದೇ ಲೆಕ್ಕ. ಹೀಗಾಗಿ ಆ ಹೆಂಗಸು ಇಪ್ಪತ್ತೆರಡು ವರ್ಷ ಮೈಮುರಿದು ಮಾಡಿದ ಕೆಲಸವನ್ನು ಭೂಮಿಯ ಮೇಲೆ ಒಬ್ಬರೂ ನೋಡಿರಲಿಲ್ಲ. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. "ನನ್ನ ಕೆಲಸ ಹೊಗಳೋಕೆ ಬಂದವರಿಗೆ ಅದು ಎಲ್ಲಿದೆ ಅಂತ ನಾನೇ ತೋರಿಸ್ಬೇಕು. ತೋರಿಸಿದ್ರೆ ಮರ್ಯಾದೆ ಹೋಯ್ತು!"

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ತಾಯಿಯ ಮೇಜು. ಮೇಜಿನ ಮೇಲೆ ಸೂಜಿಗಳನ್ನು ಚುಚ್ಚಿಟ್ಟ ಫೆಲ್ಟಿನ ದಪ್ಪ ಬಟ್ಟೆಯ ತುಂಡು, ಗುಂಡಿ ತುಂಬಿದ ತಗಡಿನ ಡಬ್ಬಿ, ಕಾಲು ಮುರಿದು ದಾರ ಸುತ್ತಿಸಿಕೊಂಡ ಕನ್ನಡಕ. ಕಡ್ಡಿ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಬೆಳೆದವಳು. ಬಟ್ಟೆ ಸುತ್ತಿ ಬರುವ ಕಂದು ಕಾಗದವೇ ಅವಳ ಮೊದಲ ಚಿತ್ರದ ಹಾಳೆ. ಬೇರೆ ಮಕ್ಕಳು ಸೂರ್ಯ, ಬೆಟ್ಟ, ಮನೆ ಬರೆಯುತ್ತಿದ್ದ ವಯಸ್ಸಿನಲ್ಲಿ ಇವಳು ನೇಯ್ಗೆ ಬರೆಯುತ್ತಿದ್ದಳು. ಎರಡು ಎಳೆಯ ಮೇಲೆ, ಎರಡರ ಕೆಳಗೆ, ಮುಂದಿನ ಸಾಲು ಒಂದು ಎಳೆ ಸರಿದು. ಮಗ್ಗಿ ಬಾಯಿಗೆ ಬರುವ ಮೊದಲೇ ಎಳೆ ಎಣಿಸುವುದು ಬಂದಿತ್ತು.

ತಾಯಿಗೆ ಕೆಲಸ ಕೊಡುತ್ತಿದ್ದದ್ದು ಎರಡು ಬೀದಿ ಆಚೆಯ ಡ್ರೈಕ್ಲೀನಿಂಗ್ ಅಂಗಡಿ. ಅದರ ಒಡತಿಯೂ ಒಂದು ಕಾಲದಲ್ಲಿ ರಫು ಮಾಡಿದವಳೇ. ಇಬ್ಬರೂ ಒಬ್ಬನೇ ಮುದುಕನ ಹತ್ತಿರ ಬೈಸಿಕೊಂಡು ಕಲಿತವರು. ತಾಯಿ ಅವಳನ್ನು ಅಂಗಡಿ ಅಕ್ಕ ಎನ್ನುತ್ತಿದ್ದಳು, ಕಡ್ಡಿ ದೊಡ್ಡಮ್ಮ ಎನ್ನುತ್ತಿದ್ದಳು. ಅಂಗಡಿ ಅಕ್ಕ ಬಲು ಕಟ್ಟುನಿಟ್ಟು. ಬೇರೆಯವರು ತಂದ ರಫುವನ್ನೆಲ್ಲ ಚೀಲದಿಂದ ಒಂದು ಪುಟ್ಟ ಭೂತಗನ್ನಡಿ ತೆಗೆದು, ಬಟ್ಟೆಯ ಮೇಲಿಟ್ಟು, ಎಳೆ ಎಣಿಸಿಯೇ ಒಳಗೆ ತೆಗೆದುಕೊಳ್ಳುವಳು. ತಾಯಿಯ ಗಂಟನ್ನು ಮಾತ್ರ ಬಿಚ್ಚದೆ ಹಾಗೇ ಕಪಾಟಿನಲ್ಲಿ ಇಡುವಳು. ಹದಿನೈದು ವರ್ಷದಿಂದ ಅದೇ ಪದ್ಧತಿ. ತಾಯಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ. ಗಂಟು ಕೊಟ್ಟು ಬರುವ ದಿನ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ಕಡ್ಡಿ ಚಿತ್ರಕಲೆಯ ಕಾಲೇಜು ಸೇರಿದಾಗ ಅಲ್ಲಿ ಅವಳ ಕೈ ಕಂಡು ಎಲ್ಲರೂ ಬೆರಗಾದರು. ಆಮೇಲೆ ಬೇಸರಗೊಂಡರು. ಏಕೆಂದರೆ ಆ ಕಾಲೇಜಿನಲ್ಲಿ ಬರೆದರೆ ಸಾಲದು, ಬರೆದದ್ದಕ್ಕೆ ಅರ್ಥ ಹೇಳಬೇಕು. ಪ್ರತಿ ಚಿತ್ರದ ಪಕ್ಕದಲ್ಲಿ ಒಂದು ಪುಟ ಬರೆದು ಅಂಟಿಸಬೇಕೆಂಬ ನಿಯಮ. ಹುಡುಗರು ಅದನ್ನು ಅರ್ಥದ ಚೀಟಿ ಎನ್ನುತ್ತಿದ್ದರು. ಬೆಕ್ಕು ಬರೆದವನು ಚೀಟಿಯಲ್ಲಿ ಒಂಟಿತನ ಎಂದು ಬರೆಯುವನು. ಏಣಿ ಬರೆದವಳು ಮನುಷ್ಯನ ಆಸೆ ಎಂದು ಬರೆಯುವಳು. ಬಣ್ಣ ಚೆಲ್ಲಿ ಹಾಳೆ ಕೆಟ್ಟರೆ ಅದು ಯುದ್ಧ. ಕಡ್ಡಿ ಹಳೆಯ ಚಪ್ಪಲಿ ಬರೆದು, ಚೀಟಿಯಲ್ಲಿ 'ಹಳೆಯ ಚಪ್ಪಲಿ' ಎಂದು ಬರೆದಿದ್ದಳು.

ಚಿತ್ರದ ಮೇಷ್ಟ್ರು ಒಳ್ಳೆಯವರೇ, ಆದರೆ ಮಾತಿನ ಮನುಷ್ಯ. ಅವಳ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ನಿಟ್ಟುಸಿರು ಬಿಟ್ಟರು. "ಕೈ ಇದೆ, ಕಣ್ಣಿದೆ. ನೀನೆಲ್ಲಮ್ಮ ಇದರಲ್ಲಿ? ಇದು ಬಸ್ಸಿನ ವೇಳಾಪಟ್ಟಿ ಇದ್ದ ಹಾಗಿದೆ. ಒಂದೂ ತಪ್ಪಿಲ್ಲ, ಒಂದು ಸಲ ಓದಿದ ಮೇಲೆ ಯಾರೂ ತಿರುಗಿ ನೋಡಲ್ಲ. ಕೊನೆಯ ವರ್ಷ ಇದು. ಎಂಟು ಚಿತ್ರದ ಸರಣಿ ಕೊಡಬೇಕು. ನಿನಗೆ ಯಾವುದು ಭಯವೋ ಅದನ್ನ ತಗೊಂಡು ಬಾ."

ಅವಳಿಗೆ ಅಂಥ ಭಯವೇನೂ ಇರಲಿಲ್ಲ. ಇದ್ದದ್ದನ್ನು ಬರೆಯೋಣ ಎಂದು ಮೇಜಿನ ಮೇಲಿದ್ದ ಒಂದು ಬೂದು ಕೋಟನ್ನು ಎತ್ತಿಕೊಂಡಳು. ಅದರ ಮೊಣಕೈಯ ತೂತನ್ನು ತಾಯಿ ಹಿಂದಿನ ದಿನವಷ್ಟೇ ಮುಚ್ಚಿದ್ದಳು. ನೇಯ್ಗೆ ಕಷ್ಟದ್ದು. ಮೀನಿನ ಮುಳ್ಳಿನ ಹಾಗೆ ಒಂದು ಸಾಲು ಎಡಕ್ಕೆ ಓರೆ, ಪಕ್ಕದ್ದು ಬಲಕ್ಕೆ ಓರೆ. ಕಡ್ಡಿ ಭೂತಗನ್ನಡಿ ಇಟ್ಟುಕೊಂಡು ಆ ಅಂಗೈಯಗಲದ ಜಾಗವನ್ನು ದೊಡ್ಡ ಹಾಳೆಯ ತುಂಬ, ಇದ್ದದ್ದಕ್ಕೆ ಹತ್ತು ಪಟ್ಟು ಮಾಡಿ, ಎಳೆ ಎಣಿಸಿ ಬರೆದಳು. ಮೂರು ದಿನ ಹಿಡಿಯಿತು. ಎರಡನೆಯ ದಿನವೇ ಕೋಟು ಅಂಗಡಿಗೆ ಹೊರಡಬೇಕಾದ್ದರಿಂದ ಎಳೆಗಳ ಲೆಕ್ಕವನ್ನು ಮೊದಲೇ ಗುರುತು ಹಾಕಿಕೊಂಡಿದ್ದಳು. ಮೂರನೆಯ ದಿನ ಶಾಯಿ ಹಚ್ಚಿ ಮುಗಿಸಿ, ಹಾಳೆಯನ್ನು ಗೋಡೆಗೆ ಆನಿಸಿ ದೂರ ನಿಂತು ನೋಡಿದಾಗ ನೇಯ್ಗೆ ಅಲ್ಲಲ್ಲಿ ಎಡವಿದ್ದು ಕಂಡಿತು. ಎರಡರ ಮೇಲೆ ಹೋಗಬೇಕಾದ ಎಳೆ ಒಂದು ಕಡೆ ಮೂರರ ಮೇಲೆ ಹಾರಿತ್ತು. ಇನ್ನೊಂದು ಕಡೆ ಒಂದನ್ನೇ ಹಿಡಿದಿತ್ತು. ಎಣಿಸಿದಳು. ಏಳು ಕಡೆ.

ಮೊದಲು ತನ್ನ ಕೈಯನ್ನೇ ಬೈದುಕೊಂಡಳು. ಗುರುತು ಹಾಕಿಕೊಂಡ ಚೀಟಿ ತೆಗೆದು ನೋಡಿದಳು. ಅದರಲ್ಲೂ ಏಳು. ಬರೆದದ್ದು ಸರಿ, ನೇಯ್ದದ್ದು ತಪ್ಪು. ಇಪ್ಪತ್ತೆರಡು ವರ್ಷದಲ್ಲಿ ಒಂದು ಎಳೆ ತಪ್ಪದ ಹೆಂಗಸು ಅಂಗೈಯಗಲದಲ್ಲಿ ಏಳು ತಪ್ಪಿದ್ದಳು.

"ಅಮ್ಮ, ನಿನಗೆ ಕಣ್ಣು ಕಾಣ್ತಿದೆಯಾ?" ಎಂದು ಕೇಳಿದಳು. ಕಡ್ಡಿಯಲ್ಲವೆ, ಸುತ್ತಿ ಬಳಸಿ ಮಾತು ಬರುವುದಿಲ್ಲ.

ತಾಯಿ ಸೂಜಿ ಕೆಳಗಿಟ್ಟಳು. ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. "ಯಾರಿಗೆ ಹೇಳಿದ್ದೀಯ?" ಎಂದಳು.

"ಯಾರಿಗೂ ಇಲ್ಲ."

"ಹೇಳ್ಬೇಡ. ಅಂಗಡಿ ಅಕ್ಕನಿಗಂತೂ ಉಸಿರೆತ್ತಬೇಡ. ಆ ಹಾಳೆ ಹರಿದು ಹಾಕು."

"ಎಷ್ಟು ದಿನದಿಂದ?"

"ಒಂದು ವರ್ಷ. ಜಾಸ್ತಿನೂ ಇರಬಹುದು. ಬೆರಳು ನೋಡುತ್ತೆ ಬಿಡು, ಕಣ್ಣು ಯಾಕೆ. ಹರಿದು ಹಾಕ್ತೀಯ ತಾನೆ?"

ಕಡ್ಡಿ "ಹೂಂ" ಎಂದಳು. ಅವಳು ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು ಇದೇ ಇರಬೇಕು. ಹಾಳೆಯನ್ನು ಮಡಚದೆ ಮಂಚದ ಕೆಳಗೆ ಸರಿಸಿದಳು. ಮೂರು ದಿನದ ಕೆಲಸ, ಅವಳು ಅಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಚೆನ್ನಾದದ್ದು. ಹರಿಯಲು ಕೈ ಬರಲಿಲ್ಲ.

ಬಲವಂತ ಮಾಡಿ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣಿನ ಹಿಂಭಾಗದಲ್ಲಿ ನಟ್ಟನಡುವಿನ ಜಾಗ ಸವೆಯುತ್ತಿದೆ ಎಂದರು. ಕನ್ನಡಕದಿಂದ ಸರಿಹೋಗುವುದಲ್ಲ, ಸವೆತವನ್ನು ನಿಧಾನ ಮಾಡಬಹುದು ಅಷ್ಟೆ. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಹೋಗುತ್ತದೆ ಎಂದು ಹೇಳಿ ಗೋಡೆಯ ಮೇಲಿದ್ದ ಒಂದು ಚಿತ್ರ ತೋರಿಸಿದರು. ಒಂದು ಬೀದಿ, ಮರ, ಅಂಗಡಿ ಸಾಲು, ಎಲ್ಲ ಸ್ಪಷ್ಟ. ನಡುವೆ ಮಾತ್ರ ರಬ್ಬರಿನಲ್ಲಿ ಉಜ್ಜಿ ಅಳಿಸಿದ ಹಾಗೆ ಒಂದು ಬಿಳಿ ದುಂಡು. ಕಡ್ಡಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ತಾಯಿ ಪಕ್ಕದ ಬೆಂಚಿನಲ್ಲಿ ಚೀಲ ಅವುಚಿಕೊಂಡು ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಟೊಮೆಟೊ ಎಷ್ಟು ದುಬಾರಿಯಾಗಿದೆ ಎಂಬ ಬಗ್ಗೆ ಮಾತಾಡಿದರು.

ಅಂದಿನಿಂದ ಮನೆಯಲ್ಲಿ ಕಣ್ಣಿನ ಮಾತೇ ಇಲ್ಲ. ಕಡ್ಡಿ ಬೆಳಗಾಗೆದ್ದು ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಫೆಲ್ಟಿಗೆ ಚುಚ್ಚಿ ಕಾಲೇಜಿಗೆ ಹೋಗುವಳು. ತಾಯಿ ನಾಜೂಕಿನ ಬಟ್ಟೆಗಳನ್ನು ಏನಾದರೂ ನೆಪ ಹೇಳಿ ಬಿಟ್ಟು, ದಪ್ಪ ನೇಯ್ಗೆಯವನ್ನೇ ಆರಿಸಿ ತರುವಳು. ಒಬ್ಬರಿಗೊಬ್ಬರು ಹೆದರಿಕೊಂಡು ಬದುಕುವುದು ಎಂದರೆ ಅದೇ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಕೇಳಿದ ಭಯ ಈಗ ಮನೆಗೇ ಬಂದು ಕೂತಿತ್ತು. ಅದನ್ನು ಬಿಟ್ಟು ಬೇರೇನನ್ನು ಬರೆಯಲು ಹೋದರೂ ಕೈ ಏಳಲಿಲ್ಲ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಾಗಿದೆ. ಆದರೆ ಚಿತ್ರಕ್ಕೆ ಬಾಯಿ ಎಲ್ಲಿದೆ? ಸಂಕೇತದ ಒಳಗೆ ಬಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಕೂತು ಬರೆಯತೊಡಗಿದಳು.

ಗುಂಡಿ ಡಬ್ಬಿಯ ಮುಚ್ಚಳವನ್ನು ಹಾಳೆಯ ನಡುವೆ ಇಟ್ಟು ಸುತ್ತ ಗೆರೆ ಎಳೆಯುವಳು. ಆ ದುಂಡಿನೊಳಗೆ ಏನೂ ಬರೆಯುವಂತಿಲ್ಲ, ಬಿಳಿ ಕಾಗದ. ಅದರ ಹೊರಗೆ ಎಲ್ಲವೂ ಕೂದಲೆಳೆಯಷ್ಟು ನಿಖರ. ಒಂದರಲ್ಲಿ ಉದ್ದನೆಯ ಸೂಜಿ, ಅದರ ಕಣ್ಣಿರಬೇಕಾದ ಕಡೆ ಬಿಳಿ. ಇನ್ನೊಂದರಲ್ಲಿ ಮನೆಯ ಮೆಟ್ಟಿಲು, ಕಾಲಿಡಬೇಕಾದ ಮೆಟ್ಟಿಲಿನ ಕಡೆ ಬಿಳಿ. ತಾಯಿಯ ಎರಡು ಕೈ, ಉಗುರಿನ ಸೀಳು ಸಮೇತ, ಅವು ಹಿಡಿದಿರುವ ಬಟ್ಟೆ ಇಲ್ಲ. ಬಾಗಿಲಲ್ಲಿ ಚೀಲ ಹೊತ್ತು ನಿಂತ ಹುಡುಗಿ, ಮುಖ ಇಲ್ಲ. ಆ ಹುಡುಗಿ ತಾನೇ. ಯಾವುದನ್ನು ನೋಡಬೇಕೆಂದು ಕಣ್ಣು ಹೋಗುತ್ತದೋ ಅದೇ ಅಲ್ಲಿ ಇರಬಾರದು, ಇದು ಅವಳ ಯೋಚನೆ. ಮಂಚದ ಕೆಳಗಿನ ಹಾಳೆಯನ್ನೂ ಹೊರಗೆಳೆದು, ನಡುವಿನ ಎಳೆಗಳನ್ನು ಬಿಳಿ ಬಣ್ಣದಿಂದ ಮುಚ್ಚಿ ಆರನೆಯ ಚಿತ್ರ ಮಾಡಿದಳು. ತಪ್ಪಿದ ಏಳು ಜಾಗಗಳೂ ದುಂಡಿನ ಸುತ್ತಲೇ ಉಳಿದುಕೊಂಡವು. ಅವನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅವಳ ಹಟ, ಮತ್ತು ನನಗೆ ತೋಚುವ ಮಟ್ಟಿಗೆ ಸ್ವಲ್ಪ ಜಂಭ. ಕಾಲೇಜಿನಲ್ಲಿ ಎಳೆ ಎಣಿಸುವವರು ಯಾರಿದ್ದಾರೆ ಎಂಬ ಧೈರ್ಯವೂ ಇತ್ತು.

ಅರ್ಥದ ಚೀಟಿಯಲ್ಲಿ ಮಾತ್ರ ಬೇರೆಯೇ ಬರೆದಳು. 'ಬಿಳಿ ವೃತ್ತ: ನಗರ ಮರೆತ ಮನುಷ್ಯರು. ಎಲ್ಲ ಚಿತ್ರಗಳೂ ನಿಜವಾದ ವಸ್ತುಗಳನ್ನು ನೋಡಿ, ಎಳೆ ಎಣಿಸಿ ಬರೆದವು.' ಮೇಷ್ಟ್ರು ಓದಿ ಅವಳ ಬೆನ್ನು ತಟ್ಟಿದರು. "ಈಗ ನೀನು ಕಂಡೆ ನೋಡು! ನಗರದ ನಡುವಿನ ಶೂನ್ಯ!" ಎಂದು ನಾಲ್ಕು ತರಗತಿಗೆ ಕರೆದುಕೊಂಡು ಹೋಗಿ ಹೊಗಳಿದರು. ಕಡ್ಡಿಗೆ ಹಿತವೂ ಆಯಿತು, ಸಂಕಟವೂ ಆಯಿತು. ಶೂನ್ಯವೂ ಇಲ್ಲ ನಗರವೂ ಇಲ್ಲ, ಅದು ನಮ್ಮಮ್ಮನ ಕಣ್ಣು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

ವರ್ಷದ ಕೊನೆಯ ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ತಾಯಿ ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅಂಗಡಿ ಅಕ್ಕನನ್ನ ಕರೆದಿದ್ದೀನಿ. ಬರ್ತಾರಂತೆ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ನಿನ್ನ ಚಿತ್ರ ನೋಡೋಕೆ. ನನ್ನ ಸೂಜಿ, ನನ್ನ ಕೈ, ನನ್ನ ಕೆಲಸ ಎಲ್ಲ ಬರೆದಿದ್ದಾಳೆ, ಗೋಡೆ ತುಂಬ ಹಾಕ್ತಾರೆ ಅಂದೆ. ಅವರ ಮುಖ ನೋಡ್ಬೇಕಿತ್ತು! ಇಪ್ಪತ್ತೆರಡು ವರ್ಷಕ್ಕೆ ಒಂದು ಸಲನಾದ್ರೂ ನಾಲ್ಕು ಜನ ನೋಡಲಿ ಬಿಡು."

ತಾಯಿಯ ಮುಖ ಅಷ್ಟು ಅರಳಿದ್ದನ್ನು ಕಡ್ಡಿ ಬಹಳ ದಿನದಿಂದ ಕಂಡಿರಲಿಲ್ಲ. ಆ ಹಾಳೆ ಹರಿದು ಹಾಕಲಿಲ್ಲಮ್ಮ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ನುಂಗಲೂ ಆಗದು, ಉಗುಳಲೂ ಆಗದು. "ಸರಿ" ಎಂದು ಒಳಗೆ ಹೋದಳು.

ಮರುದಿನ ಮೇಷ್ಟ್ರ ಹತ್ತಿರ ಓಡಿದಳು. ಆರನೆಯ ಚಿತ್ರ ತೆಗೆದುಬಿಡುತ್ತೇನೆ, ಬೇರೆ ಬರೆದುಕೊಡುತ್ತೇನೆ ಎಂದಳು. ಮೇಷ್ಟ್ರು ನಕ್ಕರು. ಚಿತ್ರಗಳಿಗೆ ಗಾಜು ಹಾಕಿಸಿ, ಗೋಡೆಗೇರಿಸಿ, ಅಂಕ ಹಾಕಿ ಆಗಿದೆ. "ಕೊನೆ ಗಳಿಗೆಯಲ್ಲಿ ಎಲ್ಲರಿಗೂ ಹೀಗೇ ಆಗುತ್ತಮ್ಮ. ಅದೇ ಎಂಟರಲ್ಲಿ ಒಳ್ಳೆಯದು, ಅದನ್ನೇ ತೆಗೀತೀಯಾ? ಹೋಗಿ ಊಟ ಮಾಡು."

ಪ್ರದರ್ಶನದ ದಿನ ಮಧ್ಯಾಹ್ನ ಮೂರಕ್ಕೆ ಇಬ್ಬರೂ ಬಂದರು. ತಾಯಿ ತನಗಿದ್ದ ಒಂದೇ ಒಳ್ಳೆಯ ಕೋಟು ಹಾಕಿಕೊಂಡಿದ್ದಳು. ಅಂಗಡಿ ಅಕ್ಕ ಕೈಚೀಲವನ್ನು ಎದೆಗೆ ಒತ್ತಿಕೊಂಡು, ಇದೆಲ್ಲ ಎಷ್ಟು ಖರ್ಚಿನ ಬಾಬತ್ತು ಎಂಬಂತೆ ಎತ್ತರದ ಗೋಡೆ, ದೀಪ, ಹೊಳೆಯುವ ನೆಲ ಎಲ್ಲ ನೋಡಿಕೊಂಡು ಬಂದಳು. ಮೇಷ್ಟ್ರು ಮುಂದೆ ಬಂದು ಬರಮಾಡಿಕೊಂಡು ಶೂನ್ಯದ ಬಗ್ಗೆ ಎರಡು ಮಾತು ಆರಂಭಿಸಿದರು. ಅಂಗಡಿ ಅಕ್ಕ ತಲೆಯಾಡಿಸಿದಳು, ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಜಿಯ ಚಿತ್ರದ ಮುಂದೆ ನಿಂತು "ಎಂಟನೇ ನಂಬರಿನ ಸೂಜಿ" ಎಂದಳು. ಕೈಗಳ ಮುಂದೆ ನಿಂತು "ಅಯ್ಯೋ, ಇದು ನಿನ್ನ ಕೈಯೇ ಕಣೆ! ಆ ಹೆಬ್ಬೆರಳು ನೋಡು" ಎಂದು ತಾಯಿಯ ಭುಜ ತಟ್ಟಿದಳು. ತಾಯಿ ನಾಚಿಕೊಂಡು ನಕ್ಕಳು.

ಆರನೆಯ ಚಿತ್ರದ ಮುಂದೆ ಅಂಗಡಿ ಅಕ್ಕನ ಮಾತು ನಿಂತಿತು. ಆಮೇಲೆ ಕೈಚೀಲದಿಂದ ಆ ಪುಟ್ಟ ಭೂತಗನ್ನಡಿ ತೆಗೆದಳು. ಹತ್ತು ಪಟ್ಟು ದೊಡ್ಡದಾಗಿ ಬರೆದ ನೇಯ್ಗೆಗೆ ಭೂತಗನ್ನಡಿ ಬೇಕೇ ಇರಲಿಲ್ಲ. ಅಭ್ಯಾಸಬಲ. ಗಾಜಿನ ಮೇಲೆ ಅದನ್ನಿಟ್ಟು, ತುಟಿ ಅಲ್ಲಾಡಿಸುತ್ತ, ಸಾಲಿನಿಂದ ಸಾಲಿಗೆ ಇಳಿದಳು. ಮೇಷ್ಟ್ರು ಇಷ್ಟು ಶ್ರದ್ಧೆಯಿಂದ ಚಿತ್ರ ನೋಡುವವರನ್ನು ತಾವು ಕಂಡೇ ಇಲ್ಲ ಎಂದರು.

"ಇದು ಆ ಬೂದು ಕೋಟಿನ ಮೊಣಕೈ" ಎಂದಳು ಅಂಗಡಿ ಅಕ್ಕ, ಕಡ್ಡಿಯ ಕಡೆ ತಿರುಗಿ. "ಅಲ್ವಾ?"

"ಹೌದು, ದೊಡ್ಡಮ್ಮ."

"ಏಳು ಕಡೆ ಎಳೆ ತಪ್ಪಿದೆ. ನೀನು ಬರೆಯೋವಾಗ ತಪ್ಪಿದ್ಯೋ, ಇದ್ದದ್ದೇ ಹೀಗೋ?"

ಇಷ್ಟು ಸರಳವಾದ ಪ್ರಶ್ನೆಯನ್ನು ಆ ಕಾಲೇಜಿನಲ್ಲಿ ಮೂರು ವರ್ಷದಲ್ಲಿ ಯಾರೂ ಅವಳಿಗೆ ಕೇಳಿರಲಿಲ್ಲ. ಪಕ್ಕದಲ್ಲೇ ಚೀಟಿ ಅಂಟಿಸಿತ್ತು, ಎಳೆ ಎಣಿಸಿ ಬರೆದದ್ದು ಎಂದು. ಮೇಷ್ಟ್ರು ಮುಗುಳ್ನಗುತ್ತ ಕಾಯುತ್ತಿದ್ದರು. ತಾಯಿ ಎರಡು ಹೆಜ್ಜೆ ಹಿಂದೆ ನಿಂತಿದ್ದಳು, ಮುಖದ ಮೇಲಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

"ನಾನೇ ತಪ್ಪಿದೆ" ಎಂದಳು ಕಡ್ಡಿ. "ಅವಸರದಲ್ಲಿ ಬರೆದೆ. ಎಣಿಸಲಿಲ್ಲ. ಅಂದಾಜಿನಲ್ಲಿ ಗೀಚಿಬಿಟ್ಟೆ."

ಮೇಷ್ಟ್ರ ಹುಬ್ಬು ಮೇಲೇರಿತು. "ಅಂದಾಜಿನಲ್ಲಾ? ಚೀಟಿಯಲ್ಲಿ ಬೇರೆ ಬರೆದಿದ್ದೀಯಲ್ಲಮ್ಮ?"

"ಸುಳ್ಳು ಬರೆದೆ ಸಾರ್."

ಅಂಗಡಿ ಅಕ್ಕ ಉಸಿರು ಬಿಟ್ಟು ಭೂತಗನ್ನಡಿಯನ್ನು ಒರೆಸತೊಡಗಿದಳು. "ಸದ್ಯ, ಎದೆ ಒಡೆದುಹೋಗಿತ್ತು ನಂದು. ಅಷ್ಟು ಕಷ್ಟಪಟ್ಟು ಓದಿಸಿದ್ದಾಳೆ ನಿಮ್ಮಮ್ಮ, ಒಂದು ನೇಯ್ಗೆನ ನೆಟ್ಟಗೆ ಬರೆಯೋಕೆ ಬರಲ್ವೇನೆ ನಿನಗೆ?"

"ಅವಳು ತಪ್ಪು ಬರೆಯಲ್ಲ, ಅಕ್ಕ."

ತಾಯಿಯ ದನಿ ದೊಡ್ಡದೇನಲ್ಲ. ಆದರೆ ಅಂಗಡಿ ಅಕ್ಕನ ಕೈ ಅಲ್ಲೇ ನಿಂತಿತು.

"ಅಮ್ಮ, ಸುಮ್ನಿರು" ಎಂದಳು ಕಡ್ಡಿ.

"ನೀನು ಸುಮ್ನಿರು. ಏಳು ವರ್ಷದ ಹುಡುಗಿ ಇದ್ದಾಗಲಿಂದ ಎಣಿಸಿ ಬರೀತಾಳೆ, ಅಕ್ಕ. ಒಂದು ದಿನ ತಪ್ಪಿಲ್ಲ. ನಾನು ತಪ್ಪಿದ್ದು. ನನಗೆ ಕಣ್ಣು ಹೋಗ್ತಿದೆ. ಒಂದೂವರೆ ವರ್ಷ ಆಯ್ತು."

ಮೇಷ್ಟ್ರು ಮೆಲ್ಲಗೆ ಆಚೆಯ ಗೋಡೆಯ ಕಡೆ ಸರಿದರು. ಒಳ್ಳೆಯವರು ಎಂದು ಮೊದಲೇ ಹೇಳಿದೆನಲ್ಲ.

ಅಂಗಡಿ ಅಕ್ಕ ತಾಯಿಯ ಕಡೆ ತಿರುಗಿದಳು. "ಒಂದೂವರೆ ವರ್ಷ ನಿನ್ನ ಗಂಟು ಬಿಚ್ಚದೆ ಕಪಾಟಿನಲ್ಲಿ ಇಟ್ಟಿದ್ದೀನಿ" ಎಂದಳು. "ಯಾರ್ಯಾರ ಮೈಮೇಲೆ ಏನೇನು ಹೋಗಿದೆಯೋ! ಕಣ್ಣು ಹೋಯ್ತು ಅಂದಿದ್ರೆ ನಾನೇನು ನಿನ್ನ ಕತ್ತು ಹಿಡಿದು ತಳ್ತಿದ್ನಾ?"

ತಳ್ಳುತ್ತಿರಲಿಲ್ಲ ಎಂದು ಹೇಳಲು ಅಂಗಡಿ ಅಕ್ಕನಿಗೇ ಧೈರ್ಯ ಸಾಲಲಿಲ್ಲ. ಅವಳ ಕಣ್ಣು ತುಂಬಿಕೊಂಡಿತು. ಅದರ ಜೊತೆಗೇ ದನಿ ಅಂಗಡಿಯ ದನಿಯಾಯಿತು. "ಮನೇಲಿರೋ ಬಟ್ಟೆನ ಹಾಗೇ ಇಡು, ಮುಟ್ಟಬೇಡ. ಸೋಮವಾರ ಯಾರನ್ನಾದ್ರೂ ಕಳಿಸಿ ತರಿಸ್ಕೊಳ್ತೀನಿ. ನೀನು ಬರೋದು ಬೇಡ." ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಹಿಂತಿರುಗಿ ನೋಡದೆ ಹೊರಟುಹೋದಳು. ಹೊಳೆಯುವ ನೆಲದ ಮೇಲೆ ಅವಳ ಚಪ್ಪಲಿಯ ಸದ್ದು ಬಾಗಿಲವರೆಗೂ ಕೇಳಿತು.

ಕಡ್ಡಿ ಲೆಕ್ಕ ಹಾಕಿದಳು. ಇಪ್ಪತ್ತೆರಡು ವರ್ಷದ ಕೆಲಸ, ಇಪ್ಪತ್ತೆರಡು ವರ್ಷದ ಸ್ನೇಹ, ಎರಡೂ ಹತ್ತು ನಿಮಿಷದಲ್ಲಿ ಹೋದವು. ಕಳೆದವಳು ತಾನು.

"ನಾನು ಹರಿದು ಹಾಕಲಿಲ್ಲಮ್ಮ" ಎಂದಳು.

"ಗೊತ್ತಾಯ್ತು." ತಾಯಿ ಚಿತ್ರದ ಹತ್ತಿರ ಬಂದಳು. "ಅವತ್ತು ನಾನು ನೋಡಲೇ ಇಲ್ಲ. ಎಲ್ಲೆಲ್ಲಿ ತಪ್ಪಿದ್ದೀನಿ, ತೋರಿಸು."

"ಬೇಡಮ್ಮ, ಮನೆಗೆ ಹೋಗೋಣ."

"ತೋರಿಸು ಅಂದೆ."

ಕಡ್ಡಿ ತಾಯಿಯ ತೋರುಬೆರಳನ್ನು ಹಿಡಿದು ಗಾಜಿನ ಮೇಲಿಟ್ಟಳು. "ಇಲ್ಲಿ ಎರಡರ ಬದಲು ಮೂರರ ಮೇಲೆ ಹೋಗಿದೆ. ಇಲ್ಲಿ ಒಂದೇ ಹಿಡಿದಿದೆ. ಇಲ್ಲಿ ಓರೆ ತಿರುಗೋ ಜಾಗದಲ್ಲಿ ಒಂದು ಸಾಲು ತಡವಾಗಿ ತಿರುಗಿದೆ." ತಾಯಿ ಒಂದೊಂದಕ್ಕೂ "ಹೂಂ" ಎನ್ನುತ್ತ ಹೋದಳು. ಬೇರೆಯವರ ಕೆಲಸದ ತಪ್ಪು ಕೇಳುವವಳ ಹಾಗೆ, ಗಮನ ಕೊಟ್ಟು, ಸ್ವಲ್ಪ ಹುಬ್ಬುಗಂಟಿಕ್ಕಿ. ಏಳೂ ಮುಗಿದ ಮೇಲೆ ಬೆರಳನ್ನು ತಾನೇ ಜಾರಿಸಿ ಚಿತ್ರದ ನಟ್ಟನಡುವೆ ನಿಲ್ಲಿಸಿದಳು.

"ಸುತ್ತ ಮಾತ್ರ ಕೆಟ್ಟಿದೆ" ಎಂದಳು. ದನಿಯಲ್ಲಿ ಇಷ್ಟೇ ಇಷ್ಟು ಹಳೆಯ ಹೆಮ್ಮೆ. "ನಡುವೆ ನೋಡು, ಎಷ್ಟು ಸರಿಯಾಗಿ ಕೂತಿದೆ. ಒಂದೂ ತಪ್ಪಿಲ್ಲ."

ಬೆರಳು ಇದ್ದದ್ದು ಬಿಳಿ ದುಂಡಿನ ಮೇಲೆ.

"ಅಮ್ಮ, ಅಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಖಾಲಿ ಬಿಟ್ಟಿದ್ದೀನಿ. ಬಿಳಿ. ಎಂಟು ಚಿತ್ರದಲ್ಲೂ ನಡುವೆ ಹೀಗೆ ಬಿಟ್ಟಿದ್ದೀನಿ."

ತಾಯಿ ತಲೆ ಆಚೀಚೆ ಸರಿಸಿ ನೋಡಿದಳು. "ನನಗೆ ಎಳೆ ಕಾಣ್ತಿದೆ" ಎಂದಳು ಮೆಲ್ಲಗೆ. ಆಮೇಲೆ, "ಯಾಕೆ ಬಿಟ್ಟೆ?"

"ನಿನ್ನ ಕಣ್ಣಿಗೆ ಹೀಗೆ ಕಾಣುತ್ತೆ ಅಂತ. ನಿನಗೆ ಕಾಣೋ ಹಾಗೆ ಎಲ್ಲರಿಗೂ ಕಾಣಲಿ ಅಂತ."

ತಾಯಿ ಬೆರಳನ್ನು ಗಾಜಿನಿಂದ ತೆಗೆದಳು. "ನನಗೆ ತೂತು ಕಾಣಲ್ಲ ಕಣೇ. ಕಂಡಿದ್ರೆ ಬಿಡ್ತಿದ್ನಾ? ಅದನ್ನ ಮುಚ್ಚೋದೇ ತಾನೆ ನನ್ನ ಕೆಲಸ? ಸುತ್ತ ಏನಿದೆಯೋ ನಡುವೆನೂ ಅದೇ ಇರೋ ಹಾಗೆ ಕಾಣುತ್ತೆ. ಬಟ್ಟೆ ನೋಡಿದ್ರೆ ಪೂರ್ತಿ ಬಟ್ಟೆ, ಗೋಡೆ ನೋಡಿದ್ರೆ ಪೂರ್ತಿ ಗೋಡೆ. ಕಣ್ಣೇ ರಫು ಮಾಡಿಬಿಡುತ್ತೆ. ಅದಕ್ಕೇ ಕೋಟು ಸರಿಯಾಗಿದೆ ಅಂತ ಕೊಟ್ಟುಬಿಟ್ಟೆ. ಬಿಳಿ ಕಾಣುತ್ತೆ ಅಂತ ಯಾರು ಹೇಳಿದ್ರು ನಿನಗೆ?"

"ಆಸ್ಪತ್ರೆ ಗೋಡೆ ಮೇಲೆ ಚಿತ್ರ ಇತ್ತಲ್ಲ."

"ನಾನು ಪಕ್ಕದಲ್ಲೇ ಕೂತಿದ್ದೆ" ಎಂದಳು ತಾಯಿ. "ನನ್ನನ್ನ ಒಂದು ಸಲ ಕೇಳಬಹುದಿತ್ತಲ್ಲೇ."

ಕಡ್ಡಿ ಕೇಳಲೆಂದು ಬಾಯಿ ತೆರೆದಳು. ಏನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು, ಒಂದೂ ತಿಳಿಯದೆ ತಾಯಿಯ ಕೋಟಿನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು.